ಹದಿನೆಂಟು ದಿನದ ಮೇಡಂ

ಮದುವೆಯಾದ ಏಳನೆಯ ತಿಂಗಳು ನಾಗಜ್ಯೋತಿ ಆದೋನಿಯ ಒಂದು ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತು ಹೆಬ್ಬೆಟ್ಟು ಒತ್ತಿದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಬಳ್ಳಾರಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮುಗಿಸಿದ್ದಳು, ರಸಾಯನಶಾಸ್ತ್ರದಲ್ಲಿ ನೂರಕ್ಕೆ ಎಂಬತ್ತೊಂದು.

ಅದು 2012ರ ಡಿಸೆಂಬರ್. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಬೇಕೆಂದು ಅತ್ತೆ ಲಿಂಗಕ್ಕ ಅವಳನ್ನು ಪೆದ್ದಹರಿವಾಣದಿಂದ ಬಸ್ಸಿನಲ್ಲಿ ಕರೆತಂದಿದ್ದಳು. ಗುಮಾಸ್ತ ಅರ್ಜಿಯನ್ನು ಕಿಟಕಿಯಿಂದ ಈಚೆ ತಳ್ಳಿದ. ನಾಗಜ್ಯೋತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏಮ್ಮಾ, ಚದುವು ರಾದಾ?" ಓದು ಬರುವುದಿಲ್ಲವಾ ಎಂದು ಅವನು ತೆಲುಗಿನಲ್ಲಿ ಕೇಳಿದ.

"ಬರ್ತೈತ್ರಿ. ಡಿಗ್ರಿ ಮಾಡೀನಿ. ಇದು ತೆಲುಗು ಐತಲ್ರಿ, ನಾನು ಕನ್ನಡ ಓದಿದಾಕಿ."

"ಅದೇ ಕದಮ್ಮಾ, ಅದೇ ಅಲ್ಲೇನು! ಓದು ಬರಂಗಿಲ್ಲ ಅಂದಂಗಾತು." ಅವನು ಶಾಯಿಯ ಪ್ಯಾಡನ್ನು ಮುಂದಿಟ್ಟ. "ಒತ್ತು."

"ಸಹಿ ಮಾಡ್ತೀನ್ರಿ."

"ಕನ್ನಡದಾಗ ಸಹಿ ನಡೆಯಂಗಿಲ್ಲ. ಹಿಂದೆ ಜನ ನಿಂತಾರ ನೋಡು."

ಸಹಿಯನ್ನು ಯಾವ ಲಿಪಿಯಲ್ಲಾದರೂ ಮಾಡಬಹುದು ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಗುಮಾಸ್ತನಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾಗದು. ಲಿಂಗಕ್ಕ ಸೊಸೆಯ ಮೊಣಕೈ ಮುಟ್ಟಿ, "ಒತ್ತಿ ಬಿಡು ಜ್ಯೋತಿ. ನಾವೆಲ್ಲ ಒತ್ತೀವಿ, ಬೆಟ್ಟೇನು ಸವದಿಲ್ಲ" ಎಂದಳು. ನಾಗಜ್ಯೋತಿ ಒತ್ತಿದಳು. ಆ ಸಾಲಿನಲ್ಲಿ ಗಡಿಯಾಚೆಯಿಂದ ಬಂದ ಸೊಸೆಯರು ಅವಳನ್ನು ಬಿಟ್ಟು ಇನ್ನೂ ಮೂವರಿದ್ದರು. ಒಬ್ಬಳು ಎಸ್ಸೆಸ್ಸೆಲ್ಸಿ, ಒಬ್ಬಳು ಪಿಯುಸಿ, ಇನ್ನೊಬ್ಬಳು ಶಿಕ್ಷಕರ ತರಬೇತಿ ಮುಗಿಸಿದವಳು. ಮೂವರೂ ಒತ್ತಿದರು, ಮೂವರೂ ಬೆರಳನ್ನು ಕಿಟಕಿಯ ಪಕ್ಕದ ಗೋಡೆಗೆ ಒರೆಸಿದರು.

ತೆಲುಗು ರಾಜ್ಯದ ಈ ಭಾಗದಲ್ಲಿ ಕನ್ನಡ ನಾಡಿನ ಸಿರುಗುಪ್ಪ, ಮಾನ್ವಿ ಕಡೆಯಿಂದ ಹೆಣ್ಣು ತರುವುದು ಹಳೆಯ ರೂಢಿ. ಎರಡೂ ಕಡೆ ಮನೆಮಾತು ಕನ್ನಡ, ಉಣ್ಣುವುದು ಅದೇ ರೊಟ್ಟಿ, ದೇವರೂ ಅವೇ. ಮಾತುಕತೆಗೆ ಕೂತ ಹಿರಿಯರು "ಹುಡುಗಿ ಎಷ್ಟು ಓದ್ಯಾಳ?" ಎಂದು ಕೇಳುತ್ತಾರೆ. ಯಾವ ಭಾಷೆಯಲ್ಲಿ ಎಂದು ಯಾರೂ ಕೇಳುವುದಿಲ್ಲ. ಹುಡುಗಿ ಗಡಿ ದಾಟಿ ಬಂದ ದಿನ ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಮಗುವಿನ ಶಾಲೆಯ ನೋಟೀಸು ಎಲ್ಲ ಒಟ್ಟಿಗೆ ಮುಚ್ಚಿಹೋಗುತ್ತವೆ. ಹದಿನೈದು ವರ್ಷ ಓದಿದ ಹೆಣ್ಣು ಒಂದು ಮಧ್ಯಾಹ್ನದಲ್ಲಿ ಅನಕ್ಷರಸ್ಥೆಯಾಗುತ್ತಾಳೆ. ಇದು ವಿಚಿತ್ರ ಎಂದು ಆ ಕಚೇರಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ, ಒತ್ತಿದ ಹೆಂಗಸರಿಗೂ ಅನ್ನಿಸಲಿಲ್ಲ. ನಾಗಜ್ಯೋತಿಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಇದೇ.

ಅವಳು ಒಂದನೇ ತರಗತಿಯ ತೆಲುಗು ಪುಸ್ತಕ ಕೊಂಡು ತಂದಳು. ಕಾಲೇಜಿನಲ್ಲಿ ಲವಣಗಳನ್ನು ಗುಂಪು ಮಾಡಿ ಪರೀಕ್ಷಿಸಿದಂತೆ ಅಕ್ಷರಗಳನ್ನೂ ಮೂರು ಗುಂಪು ಮಾಡಿದಳು: ಕನ್ನಡ ಬಲ್ಲವರು ನೋಡಿದ ಕೂಡಲೇ ಓದಬಹುದಾದವು, ಒಮ್ಮೆ ತೋರಿಸಿದರೆ ಸಾಕಾದವು, ಹೊಸದಾಗಿಯೇ ಕಲಿಯಬೇಕಾದವು. ಅವಳ ಎಣಿಕೆಯಲ್ಲಿ ಮೂರನೆಯ ಗುಂಪಿಗೆ ಬಿದ್ದವು ಹದಿನಾಲ್ಕು ಮಾತ್ರ. ಮಾತಾಡುವ ತೆಲುಗು ಸಂತೆಯಲ್ಲಿ, ಬಸ್ಸಿನಲ್ಲಿ ತಾನಾಗಿ ಬರುತ್ತಿತ್ತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಅವಳು ದಿನಪತ್ರಿಕೆ ಓದುತ್ತಿದ್ದಳು.

2016ರ ಜೂನಿನಲ್ಲಿ ಅವಳು ಆದೋನಿಯ ಒಂದು ಭಾಷಾ ತರಬೇತಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಬಟ್ಟೆ ಅಂಗಡಿಯ ಮೇಲಿನ ಹಾಲ್ ಅದು. ನಡೆಸುತ್ತಿದ್ದವನು ಲಕ್ಷ್ಮಿಕಾಂತ್, ಮೃದು ಮಾತಿನ ಮನುಷ್ಯ, ಎಲ್ಲರನ್ನೂ ಅಮ್ಮಾ ಎಂದೇ ಕರೆಯುವವನು. ಬೆಳಿಗ್ಗೆ ಹುಡುಗರಿಗೆ ಇಂಗ್ಲಿಷ್, ಹತ್ತೂವರೆಗೆ ಹೊರಗಿನಿಂದ ಬಂದ ಸೊಸೆಯರಿಗೆ ತೆಲುಗು. ತೆಲುಗಿನ ಪಾಠ ಆರು ತಿಂಗಳದ್ದು. ಮೂರು ದಿನಕ್ಕೆ ಒಂದೇ ಅಕ್ಷರ, ಪ್ರತಿದಿನ ಅದನ್ನು ನೂರು ಸಲ ಬರೆಯಬೇಕು. ಅಕ್ಷರಗಳನ್ನು ಜೋಡಿಸಿ ಓದುವುದು ಐದನೆಯ ತಿಂಗಳ ಮಾತು.

ಆರು ತಿಂಗಳು ಒಂದೇ ಊರಿನಲ್ಲಿ ನಿಲ್ಲುವ ಸೊಸೆ ಇಲ್ಲಿ ಅಪರೂಪ. ಹತ್ತಿ ಬಿಡಿಸುವ ಕಾಲ ಬಂದರೆ ಹೊಲಕ್ಕೆ ಹೋಗಬೇಕು. ಹೆರಿಗೆಗೆ ತವರಿಗೆ ಹೋಗಬೇಕು. ಕೋಸಗಿ ಕಡೆಯ ಕುಟುಂಬಗಳಾದರೆ ದಸರೆ ಮುಗಿಯುತ್ತಿದ್ದಂತೆ ಮನೆಗೆ ಬೀಗ ಹಾಕಿ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋಗಿಬಿಡುತ್ತವೆ. ನಡುವೆ ಬಿಟ್ಟವಳು ಮುಂದಿನ ವರ್ಷ ಬಂದರೆ ಮತ್ತೆ ಪೂರ್ತಿ ಫೀಸು ಕಟ್ಟಬೇಕು, ಮತ್ತೆ ಮೊದಲನೆಯ ಅಕ್ಷರದಿಂದ.

ನಾಗಜ್ಯೋತಿ ಮೊದಲ ದಿನದಿಂದಲೂ ಒಂದು ಪಟ್ಟಿ ಇಟ್ಟಿದ್ದಳು. 2022ರ ಮಾರ್ಚಿನಲ್ಲಿ ಅದನ್ನು ಕೂಡಿಸಿದಳು. ಸೇರಿದವರು 312. ಮುಗಿಸಿದವರು 41. ಉಳಿದ 271 ಮಂದಿಯಲ್ಲಿ ವಲಸೆ ಹೋದವರು 96, ಹತ್ತಿಯ ಕೆಲಸಕ್ಕೆ ಬಿಟ್ಟವರು 88, ಹೆರಿಗೆಗೆ ಹೋದವರು 54, ಬೇರೆ ಕಾರಣದವರು 33. ಅದೇ ಹೊತ್ತಿಗೆ ಅವಳು ಪೆದ್ದಹರಿವಾಣದ ಮನೆಯಲ್ಲಿ ಓಣಿಯ ಐವರು ಸೊಸೆಯರಿಗೆ ತನ್ನ ಮೂರು ಗುಂಪಿನ ಕ್ರಮದಲ್ಲಿ, ದಿನಕ್ಕೆ ಒಂದೂವರೆ ಗಂಟೆಯಂತೆ ಕಲಿಸಿ ನೋಡಿದ್ದಳು. ಚುರುಕಿನವಳು ಹನ್ನೊಂದು ದಿನಕ್ಕೆ ಓದಿದಳು, ಎಲ್ಲರಿಗಿಂತ ನಿಧಾನದವಳು ಹದಿನೆಂಟು ದಿನಕ್ಕೆ. ನಿಧಾನದವಳ ಲೆಕ್ಕವನ್ನೇ ಹಿಡಿಯಬೇಕು ಎಂದು ಅವಳು ತೀರ್ಮಾನಿಸಿದಳು.

ಎರಡೂ ಹಾಳೆಗಳನ್ನು ಲಕ್ಷ್ಮಿಕಾಂತನ ಮೇಜಿನ ಮೇಲಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ.

"ಚೊಲೋ ಲೆಕ್ಕ ಹಾಕೀಯಮ್ಮಾ. ಬಿಟ್ಟು ಹೋದೋರು ಮರುವರ್ಷ ಬರ್ತಾರೋ ಇಲ್ಲೋ?"

"ಭಾಳ ಮಂದಿ ಬರ್ತಾರ್ರಿ ಸಾರ್."

"ಬಂದು ಏನ್ಮಾಡ್ತಾರ?"

"ಮತ್ತ ಮೊದಲಿಂದ ಬರೀತಾರ."

"ಅಷ್ಟೇ ಕದಾ! ಮತ್ತ ಇದ್ರಾಗ ನಷ್ಟ ಯಾರಿಗೈತಿ?"

ನಾಗಜ್ಯೋತಿ ಎರಡೂ ಹಾಳೆಗಳನ್ನು ಮಡಿಸಿ ಎತ್ತಿಕೊಂಡಳು. ಆರು ವರ್ಷ ಅವಳು ಆ 271ನ್ನು ಪಾಠದ ದೋಷ ಎಂದುಕೊಂಡಿದ್ದಳು. ಲಕ್ಷ್ಮಿಕಾಂತನಿಗೆ ಅದೇ ಅಂಗಡಿಯ ಬಂಡವಾಳ. ಮುಗಿಯದ ಪಾಠವೇ ಅವನು ಮಾರುತ್ತಿದ್ದ ಸರಕು, ಮತ್ತು ಆರು ವರ್ಷ ಅದನ್ನು ತೂಗಿ ಕೊಟ್ಟದ್ದು ಅವಳ ಕೈ.

"ನಾಳಿಂದ ಬರಂಗಿಲ್ರಿ" ಎಂದಳು.

"ಸಿಟ್ಟು ಮಾಡ್ಕೋಬ್ಯಾಡಮ್ಮಾ. ಹೊರಗ ಹೋದ್ರ ನಿನ್ನ ಹೆಸರು ಯಾರಿಗೆ ಗೊತ್ತೈತಿ? ಮಂದಿ ಬರೋದು ನನ್ನ ಬೋರ್ಡ್ ನೋಡಿ."

ನಾಗಜ್ಯೋತಿಯ ಗಂಡ ಆಂಜನೇಯನಿಗೆ ಆಲೂರು ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅಂಗಡಿಯ ಮೇಲಿನ ಕೋಣೆಯಲ್ಲಿ ಹಳೆಯ ಮೋಟಾರಿನ ಚಿಪ್ಪುಗಳಿದ್ದವು. ಅವನು ಹೆಚ್ಚು ಮಾತಿಲ್ಲದೆ ಅವನ್ನೆಲ್ಲ ಕೆಳಗಿಳಿಸಿ, ಗೋಡೆಗೆ ಸುಣ್ಣ ಬಳಿದು, ಎರಡು ಫ್ಯಾನ್ ಹಾಕಿಸಿದ. "ವಾರ್ನಿಷ್ ವಾಸನಿ ಮಾತ್ರ ಹೋಗಂಗಿಲ್ಲ ನೋಡು" ಎಂದ. ಅವಳು ಕನ್ನಡ, ತೆಲುಗು ಎರಡರಲ್ಲೂ ಬೋರ್ಡು ಬರೆಸಿದಳು: ಕನ್ನಡ ಬಲ್ಲವರಿಗೆ ತೆಲುಗು ಓದು, ಹದಿನೆಂಟು ದಿನ. ಕೆಳಗೆ ತನ್ನ ಹೆಸರು.

ಪಾಠದ ವೇಳೆ ಹನ್ನೆರಡೂವರೆಯಿಂದ ಎರಡು. ಬೆಳಗಿನ ಬಸ್ಸಿಗೆ ಪೇಟೆಗೆ ಬಂದ ಹೆಂಗಸರಿಗೆ ಕೆಲಸ ಮುಗಿದಿರುತ್ತದೆ, ವಾಪಸ್ಸು ಬಸ್ಸು ಇನ್ನೂ ಬಂದಿರುವುದಿಲ್ಲ. ನಡುವೆ ಬಿಟ್ಟು ಹೋಗುವವಳ ಹೆಸರಿನ ಮುಂದೆ ಅಂದಿನ ಪಾಠದ ಸಂಖ್ಯೆ ಬರೆದಿಡುವುದು; ವರ್ಷ ಬಿಟ್ಟು ಬಂದರೂ ಮುಂದಿನ ಪಾಠದಿಂದ ಕೂರಿಸುವುದು. ಸರ್ಟಿಫಿಕೇಟ್ ಇಲ್ಲ. ಕೊನೆಯ ದಿನ ಅಂದಿನ ಪತ್ರಿಕೆ ಕೊಟ್ಟು ಓದಿಸುವುದೇ ಪರೀಕ್ಷೆ.

ಮೊದಲ ತಿಂಗಳು ಬಂದವರು ಇಬ್ಬರು. ಬೋರ್ಡು ಓದಿ ಮೇಲೆ ಹತ್ತಿ ಬಂದು ಜಗಳಾಡಿ ಹೋದವರು ಅದಕ್ಕಿಂತ ಹೆಚ್ಚು. "ಹದಿನೆಂಟು ದಿನದಾಗ? ಏನು ಮಂತ್ರ ಹಾಕ್ತೀಯೇನವಾ?" ಎಂದ ಒಬ್ಬ ಗಂಡ. ಇನ್ನೊಬ್ಬ, "ಅಲ್ಲಿ ಆರು ತಿಂಗಳು ಕಲಿಸ್ತಾರ, ನೀ ಇಷ್ಟಕ್ಕ ಮುಗಸ್ತಿ ಅಂದ್ರ ಅರ್ಧಾ ಮರ್ಧಾ ಇರ್ತೈತಿ" ಎಂದ. ಬೇಗ ಮುಗಿಯುವುದಕ್ಕೆ ಬೆಲೆ ಇಲ್ಲ. ಪೇಟೆಯಲ್ಲಿ ಅವಳಿಗೆ ಹದಿನೆಂಟು ದಿನದ ಮೇಡಂ ಎಂದು ಹೆಸರು ಬಿತ್ತು, ಗೇಲಿಗೆ.

ಜನ ತಂದವಳು ಲಿಂಗಕ್ಕ. ಅವಳು ಊರಿನ ಬೇರೆ ಅತ್ತೆಯರ ಕಟ್ಟೆಗೆ ಹೋಗಿ ಕೂತು, "ನಿನ್ನ ಸೊಸೀನ ಕಳಸು. ಕಲೀಲಿಲ್ಲ ಅಂದ್ರ ಬಂದು ನನ್ನ ಬೈಯಿ, ಕಲತ್ಲು ಅಂದ್ರ ನಿನ್ನ ಗುಳಿಗಿ ಚೀಟಿ ಆಕಿ ಓದ್ತಾಳ" ಎನ್ನುತ್ತಿದ್ದಳು. ಅತ್ತೆಯ ಒಪ್ಪಿಗೆ ಬಿದ್ದ ಮೇಲೆ ಸೊಸೆಗೆ ಗಂಡನನ್ನು ಕೇಳುವ ಕೆಲಸ ಉಳಿಯುತ್ತಿರಲಿಲ್ಲ. ಒಂದು ವರ್ಷದಲ್ಲಿ ತೊಂಬತ್ತೇಳು ಹೆಂಗಸರು ಆ ಮೆಟ್ಟಿಲಿನಿಂದ ಪತ್ರಿಕೆ ಓದಿ ಇಳಿದರು. ಹದಿನೆಂಟು ದಿನದ ಮೇಡಂ ಎನ್ನುವುದು ಗೇಲಿಯಿಂದ ವಿಳಾಸವಾಯಿತು.

2023ರ ಜುಲೈಯಲ್ಲಿ ಬರುವವರು ಇದ್ದಕ್ಕಿದ್ದಂತೆ ಕಡಿಮೆಯಾದರು. ಫೋನ್ ಮಾಡಿ ಹೆಸರು ಹೇಳಿದವರೂ ಬರಲಿಲ್ಲ. ಕಾರಣ ಆಗಸ್ಟ್ ಕೊನೆಯಲ್ಲಿ ಗೊತ್ತಾಯಿತು. ಕೋಸಗಿಯಿಂದ ಒಬ್ಬ ರೈತ ರಿಪೇರಿಯಾದ ಮೋಟಾರು ಒಯ್ಯಲು ಬಂದಿದ್ದ. ಜೊತೆಯಲ್ಲಿ ಹೆಂಡತಿ ಗಾದಿಲಿಂಗಮ್ಮ. ನಾಗಜ್ಯೋತಿ ಮೆಟ್ಟಿಲು ಇಳಿಯುತ್ತಿದ್ದಳು. ಗಾದಿಲಿಂಗಮ್ಮ ಅವಳ ಮುಖವನ್ನೇ ದಿಟ್ಟಿಸಿ ನೋಡಿ ಸಿಡಿದಳು.

"ಏ, ನೀನೇ ಅಲ್ಲೇನು? ಎರಡು ತಿಂಗಳಾತು, ನಿನ್ನ ರಜಾ ಮುಗೀವಲ್ದಲ್ಲ! ಏನು, ಅವಳಿ ಹಡದೀಯೇನು, ಬಾಣಂತನ ನಡದೈತೇನು?"

"ಯಾವ ರಜಾ? ನೀ ಯಾರವಾ?"

"ನಾನಾ? ನಿನ್ನ ಮುಖ ನೋಡಿ ಕೋಸಗಿಯಿಂದ ರೈಲು ಹತ್ತಿ ಬರಾಕಿ. ದಿನಾ ಹೋಗೋದು, ದಿನಾ ನೂರು ಸಲ ಬರೆಯೋದು. ಮೇಡಂ ಇವತ್ತು ಬರ್ತಾರ, ನಾಳೆ ಬರ್ತಾರ!" ಅವಳು ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನಾಗಜ್ಯೋತಿಯ ಮುಂದೆ ಹಿಡಿದಳು. "ನೋಡು, ಇದು ನಿನ್ನ ಮುಖ ಅಲ್ಲೇನು?"

ಅವಳದೇ. ಕೇಂದ್ರದಲ್ಲಿದ್ದಾಗ ತೆಗೆದ ಫೋಟೋ. ಕರಪತ್ರದ ನೆತ್ತಿಯ ಮೇಲೆ ತೆಲುಗಿನ ದಪ್ಪ ಅಕ್ಷರದಲ್ಲಿ "18 ದಿನಗಳಲ್ಲಿ ತೆಲುಗು. ಬೋಧನೆ: ನಾಗಜ್ಯೋತಿ ಮೇಡಂ, ಬಿ.ಎಸ್ಸಿ." ತೀರ ಕೆಳಗೆ, ಅಂಚಿಗೆ ಒತ್ತಿದ ಸಣ್ಣ ಸಾಲು: ಇದು ಪರಿಚಯ ಪಾಠ ಮಾತ್ರ, ಪೂರ್ಣ ತರಬೇತಿ ಆರು ತಿಂಗಳು. ಅದರ ಕೆಳಗೆ ಲಕ್ಷ್ಮಿಕಾಂತನ ಕೇಂದ್ರದ ವಿಳಾಸ.

"ಇದ್ರಾಗ ಏನು ಬರದೈತಿ ಅಂತ ನಿನಗ ಯಾರು ಹೇಳಿದ್ರು?"

"ಸ್ಟೇಷನ್ನಾಗ ಹಂಚಾಂವ ಹೇಳಿದ. ನನಗ ಓದಾಕ ಬಂದಿದ್ರ ಅಲ್ಲಿಗ್ಯಾಕ ಹೋಗ್ತಿದ್ದೆ?"

ಅದೇ ಮಾತು. ಓದಲು ಬಾರದವರಿಗೆ ಓದು ಕಲಿಸುತ್ತೇನೆಂದು ಕರೆಯುವ ಕಾಗದ. ಅವರಿಗೆ ಓದಲು ಬಾರದು ಎಂಬ ಭರವಸೆಯ ಮೇಲೆಯೇ ಅಚ್ಚಾದ ಸುಳ್ಳು. ಗಾದಿಲಿಂಗಮ್ಮ ಮಾನ್ವಿ ಕಡೆಯವಳು, ಒಂಬತ್ತನೆಯ ತರಗತಿ ಓದಿದವಳು. ಮಗಳ ಶಾಲೆಯಿಂದ ಬರುವ ಚೀಟಿಯನ್ನು ಓದಿಸಿಕೊಳ್ಳಲು ಮನೆಮನೆ ತಿರುಗುವುದು ಸಾಕಾಗಿತ್ತು. ದಸರೆ ಕಳೆದರೆ ಅವರ ಮನೆಗೆ ಬೀಗ. ಅವಳಿಗೆ ಉಳಿದದ್ದು ಎಂಟು ವಾರ.

ಮರುದಿನ ಹತ್ತೂವರೆಗೆ ನಾಗಜ್ಯೋತಿ ಗಾದಿಲಿಂಗಮ್ಮನನ್ನು ಕರೆದುಕೊಂಡು ಆ ಹಾಲ್‌ಗೆ ಹೋದಳು. ಆಂಜನೇಯ ತಾನೂ ಬರುತ್ತೇನೆ ಎಂದ. "ಬ್ಯಾಡ. ನೀ ಬಂದ್ರ ಅವ ನಿನ್ನ ಜೋಡಿ ಮಾತಾಡ್ತಾನ" ಎಂದಳು.

ಹದಿನೆಂಟು ಹೆಂಗಸರು ತಲೆ ತಗ್ಗಿಸಿ ಒಂದೇ ಅಕ್ಷರ ಬರೆಯುತ್ತಿದ್ದರು, ಗಾದಿಲಿಂಗಮ್ಮ ಕೂತ ಮೇಲೆ ಹತ್ತೊಂಬತ್ತಾಯಿತು. ಗೋಡೆಯ ಮೇಲೆ ನಾಗಜ್ಯೋತಿಯೇ ಬರೆದ ಅಕ್ಷರಗಳ ಹಾಳೆ, ಈಗ ಲ್ಯಾಮಿನೇಷನ್ ಹೊತ್ತು ತೂಗುತ್ತಿತ್ತು. ಹೊಸ ಟೀಚರ್ ಇಪ್ಪತ್ತೆರಡರ ಹುಡುಗಿ. ಇವಳನ್ನು ಕಂಡು ಎದ್ದು ನಿಂತಳು. "ಮೇಡಂ, ನೀವು ರಜಾದಾಗ ಅದೀರಿ ಅಂತ ಸಾರ್ ಹೇಳಿದ್ರು" ಎಂದಳು, ಅಳುವ ದನಿಯಲ್ಲಿ.

"ನಿನ್ನದೇನೂ ತಪ್ಪಿಲ್ಲ. ಕುಂದ್ರು" ಎಂದು ಹೇಳಿ ನಾಗಜ್ಯೋತಿ ಹೆಂಗಸರ ಕಡೆ ತಿರುಗಿದಳು. "ನಾಗಜ್ಯೋತಿ ನಾನು. ನನಗ ಯಾವ ರಜಾನೂ ಇಲ್ಲ. ಒಂದೂವರೆ ವರ್ಷದ ಹಿಂದೆ ಇಲ್ಲಿ ಬಿಟ್ಟೀನಿ. ನನ್ನ ಹೆಸರು ಹೇಳಿ ನಿಮ್ಮನ್ನ ಕರದಾರ, ಅದಕ್ಕ ಇವತ್ತೊಂದಿನ ಪಾಠ ಮಾಡಿ ಹೋಗ್ತೀನಿ. ಎಲ್ಲಾರೂ ಆ ಕಾಗದ ತೆಗೀರಿ, ಇವರು ಹಂಚಿದ್ದು."

ಲಕ್ಷ್ಮಿಕಾಂತ್ ಒಳಗಿನ ಕೋಣೆಯಿಂದ ಬಂದ. ದನಿ ಏರಿಸಲಿಲ್ಲ. "ಏನಮ್ಮಾ ಇದು? ಇದು ನನ್ನ ಹಾಲ್."

"ಹಾಲ್ ನಿಮ್ದು. ಹೆಸರು ನಂದು. ಹೆಸರು ಈ ಕಾಗದದ ಮ್ಯಾಲೆ ಇರೋತನಕ ಪಾಠಾನೂ ನಂದೇ."

"ಪೊಲೀಸ್ರನ್ನ ಕರೀಬೇಕಾಗ್ತೈತಿ."

"ಕರೀರಿ. ಅವರಿಗೂ ಇದನ್ನ ಓದಿ ತೋರಿಸ್ತೀವಿ. ಇನ್ನೊಂದು ತಾಸಿನಾಗ ಈ ಹತ್ತೊಂಬತ್ತು ಮಂದಿನೂ ಓದ್ತಾರ."

ಅವನು ಫೋನ್ ತೆಗೆಯಲಿಲ್ಲ. ಅವಳು ಪಾಠ ಶುರುಮಾಡಿದಳು. ಆ ಹೆಂಗಸರು ಎರಡು ತಿಂಗಳಿಂದ ಬಿಡಿ ಅಕ್ಷರಗಳನ್ನು ಸಾವಿರಾರು ಸಲ ಬರೆದಿದ್ದರು, ಎರಡನ್ನು ಕೂಡಿಸಿ ಓದಲು ಮಾತ್ರ ಯಾರೂ ಹೇಳಿರಲಿಲ್ಲ. ಪೂರ್ತಿ ಸುತ್ತಿದ ಮೋಟಾರಿಗೆ ಕರೆಂಟು ಕೊಡದೆ ಇಟ್ಟಂತೆ. ಅವಳು ಕರಪತ್ರದಲ್ಲಿರುವ ಅಕ್ಷರಗಳನ್ನಷ್ಟೇ ತೆಗೆದುಕೊಂಡು, ಕನ್ನಡದ್ದನ್ನು ಪಕ್ಕದಲ್ಲಿ ಬರೆದು, ಗುಣಿತ, ಒತ್ತು ತೋರಿಸುತ್ತ ಹೋದಳು. ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಆಮೇಲೆ, "ಓದ್ರಿ, ಮ್ಯಾಲಿಂದ" ಎಂದಳು.

ಮೊದಲು ತಡವರಿಸಿ, ಆಮೇಲೆ ಸೇರಿಕೊಂಡು ಓದಿದರು. ಹೆಸರು ಬಂದಾಗ ಕೆಲವರು ನಕ್ಕರು. ಕೆಳಗಿನ ಸಣ್ಣ ಸಾಲನ್ನು ಮೊದಲು ಮುಗಿಸಿದವಳು ಗಾದಿಲಿಂಗಮ್ಮ. ಅವಳು ಕಾಗದದಿಂದ ತಲೆಯೆತ್ತಿದಳು.

"ಸಾರ್, ಇಲ್ಲಿ ಆರು ತಿಂಗಳು ಅಂತ ಬರದೈತಲ್ರಿ! ಇರುವಿ ಓದ್ಲಿ ಅಂತ ಇಷ್ಟು ಸಣ್ಣಕ ಬರದೀರೇನು?"

"ಪ್ರಿಂಟಿಂಗ್ ಮಿಸ್ಟೇಕ್ ಅಮ್ಮಾ" ಎಂದ ಲಕ್ಷ್ಮಿಕಾಂತ್. ಯಾರೂ ನಗಲಿಲ್ಲ.

ತನ್ನ ಹೆಸರು, ಫೋಟೋ, ಹಾಳೆ ಯಾವುದನ್ನೂ ಇನ್ನು ಬಳಸುವುದಿಲ್ಲ ಎಂದು ನಾಗಜ್ಯೋತಿ ಅವನಿಂದ ಬರೆಸಿಕೊಂಡಳು. ಬರೆದದ್ದನ್ನು ಗಾದಿಲಿಂಗಮ್ಮನ ಕೈಗೆ ಕೊಟ್ಟು, ತಡೆದಲ್ಲಿ ತಾನು ಹೇಳಿಕೊಡುತ್ತ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿಸಿದಳು. ಗೋಡೆಯ ಹಾಳೆಯನ್ನು ಬಿಚ್ಚಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಸಂಜೆ ಲಕ್ಷ್ಮಿಕಾಂತ್ ಆಲೂರು ರಸ್ತೆಯ ಅಂಗಡಿಗೆ ಬಂದ. ಬಂದದ್ದು ಆಂಜನೇಯನ ಹತ್ತಿರ. "ಆಕಿ ಹೆಸರು ದೊಡ್ಡದಾಗಿ ಹಾಕೋಣ, ಅರ್ಧಕ್ಕರ್ಧ ಪಾಲು. ನೀವೊಂದು ಮಾತು ಹೇಳ್ರಿ, ಮನಿ ಯಜಮಾನ್ರು" ಎಂದ. ಆಂಜನೇಯ ತಂತಿ ಸುತ್ತುವುದನ್ನು ನಿಲ್ಲಿಸದೆ ಮೇಲಕ್ಕೆ ಗದ್ದ ತೋರಿಸಿದ. "ಮಾಸ್ತರು ಮ್ಯಾಲೆ ಅದಾರ. ನಾನು ಮೋಟಾರದ ಮನಷ್ಯ." ಲಕ್ಷ್ಮಿಕಾಂತ್ ಮೆಟ್ಟಿಲು ಹತ್ತಲಿಲ್ಲ.

ಅವಳ ಹೆಸರು ಅವಳಿಗೆ ಉಳಿಯಿತು. ಆದರೆ ಆ ಹತ್ತೊಂಬತ್ತರಲ್ಲಿ ಅವಳ ಕೋಣೆಗೆ ಬಂದವರು ಎಂಟು ಮಂದಿ ಮಾತ್ರ. ಹನ್ನೊಂದು ಮಂದಿ ಅಲ್ಲಿಯೇ ಕೂತರು. ಅಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ ಎಂದು ಕೆಲವರು ಹೇಳಿ ಕಳಿಸಿದರು. ಸೇರಿಸಿದ್ದು ಮಾವ, ಬಿಡಿಸಬೇಕಾದರೂ ಮಾವನೇ ಎಂದು ಉಳಿದವರು. ಸುಳ್ಳನ್ನು ತಮ್ಮ ಬಾಯಿಂದಲೇ ಓದಿ, ಮತ್ತೆ ತಲೆ ತಗ್ಗಿಸಿ ನೂರು ಸಲ ಬರೆಯಲು ಕೂತವರು! ಲಕ್ಷ್ಮಿಕಾಂತನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವಳಿಗೆ ಇವರ ಮೇಲೆ ಬಂತು. ಒಂದು ವಾರ ಅವಳು ಬಂದ ಎಂಟು ಮಂದಿಯನ್ನೂ ನೆಟ್ಟಗೆ ಮಾತಾಡಿಸಲಿಲ್ಲ. ಸಣ್ಣ ತಪ್ಪಿಗೆ ಗದರಿದಳು, ತಡವಾಗಿ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿದಳು.

ಕೊನೆಗೆ ಗಾದಿಲಿಂಗಮ್ಮ ಪುಸ್ತಕ ಮುಚ್ಚಿಟ್ಟಳು. "ಮೇಡಂ, ಒಂದು ಮಾತು. ಬಂದೋರನ್ನ ಯಾಕ ಬೈತಿ? ಬರಲಾರದೋರನ್ನ ಹೋಗಿ ಬೈ. ಅವರ ಊರು ನನಗ ಗೊತ್ತೈತಿ."

ನಾಗಜ್ಯೋತಿ ಸೀಮೆಸುಣ್ಣ ಕೆಳಗಿಟ್ಟು, ಪಟ್ಟಿಯ ಪುಸ್ತಕ ತೆಗೆದಳು.

"ಹೇಳು" ಎಂದಳು.

ಗಾದಿಲಿಂಗಮ್ಮ ಹೇಳುತ್ತ ಹೋದಳು, ಅವಳು ಬರೆಯುತ್ತ ಹೋದಳು: ಹೆಸರು, ಊರು, ಯಾವಾಗ ಊರು ಬಿಡುತ್ತಾಳೆ. ಐವರು ಕೋಸಗಿ ಸುತ್ತಿನವರು, ನಾಲ್ವರು ಆಲೂರು ಕಡೆಯವರು, ಇಬ್ಬರು ಆದೋನಿಯವರೇ. ಮುಂದಿನ ಭಾನುವಾರ ಬೆಳಿಗ್ಗೆ ಲಿಂಗಕ್ಕನನ್ನು ಕರೆದುಕೊಂಡು ಅವಳು ಕೋಸಗಿಯ ರೈಲು ಹತ್ತಿದಳು. ಅತ್ತೆಯರ ಮನವೊಲಿಸುವುದು ಲಿಂಗಕ್ಕನ ಪಾಲಿನ ಕೆಲಸ.

ಐವರಲ್ಲಿ ಮೂವರು ಸಿಕ್ಕರು. ಅವಳನ್ನು ಕಂಡು ಸೆರಗು ಸರಿಮಾಡಿಕೊಂಡು ಒಳಗೆ ಜಾರಲು ನೋಡಿದರು. ನಾಗಜ್ಯೋತಿ ಅವರಲ್ಲೊಬ್ಬಳ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಳು, ಸುತ್ತಿದ ಹಾಳೆಯನ್ನು ಬಿಡಿಸಿ ಗೋಡೆಗೆ ಆನಿಸಿದಳು.

"ಯಾಕ ಓಡ್ತೀರಿ? ಅಲ್ಲೇ ಹೋಗ್ರಿ, ಸರ್ಟಿಫಿಕೇಟ್ ತಗೊಂಡು ತೂಗು ಹಾಕ್ರಿ, ನಾ ಬ್ಯಾಡನ್ನಂಗಿಲ್ಲ" ಎಂದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಗುಂಟೂರಿಗೆ ಹೋಗೋದ್ರಾಗ ಇನ್ನ ಆರು ಭಾನುವಾರ ಅದಾವ. ಬರ್ರಿ, ಕುಂದರ್ರಿ. ಅಲ್ಲಿ ಕಲತದ್ದನ್ನ ನಾಕು ಪಾಠ ಅಂತ ನಿಮ್ಮ ಹೆಸರಿನ ಮುಂದ ಬರಕೊಂಡೀನಿ. ಪಾಠ ಐದು."